ಭಂಡಾರ ಹಚ್ಚದ ಹೊಕ್ಕಳು

ನಮ್ಮ ಆಯಿ, ಅಂದರೆ ಅಜ್ಜಿ, ಮಲಕವ್ವ ಕಳ್ಳಕವಟಗಿ ಊರಿನ ಸೂಲಗಿತ್ತಿ. ಅರ್ಧ ಊರು ಭೂಮಿಗೆ ಬಿದ್ದದ್ದು ಆಕೆಯ ಕೈಯಲ್ಲೇ. ಆ ಜಂಬ ಆಕೆಗೆ ಸಾಕಷ್ಟಿತ್ತು, ನಾನೇನು ಮುಚ್ಚಿಡುವುದಿಲ್ಲ. ಗೌಡರ ಮನೆಯಿಂದ ಕರೆ ಬಂದರೂ ಎಮ್ಮೆ ಹಿಂಡಿಕೊಂಡೇ ಹೋಗುತ್ತಿದ್ದಳು.

ನಾವು ಅಮೋಘಸಿದ್ಧ ದೇವರ ಒಕ್ಕಲು. ಆಯಿಯ ಸೊಂಟದಲ್ಲಿ ಸದಾ ಭಂಡಾರದ, ಅಂದರೆ ದೇವರ ಅರಿಸಿನದ ಚೀಲ. ಕೂಸಿನ ಹೊಕ್ಕಳಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು, ಸಗಣಿ ಕುಳ್ಳಿನ ಬೂದಿ ಒತ್ತಿ, ಮೇಲೆ ಭಂಡಾರ ಹಚ್ಚುವುದು ಆಕೆಯ ಪದ್ಧತಿ. ಕೆಲವು ಕೂಸುಗಳು ಏಳೆಂಟನೇ ದಿನಕ್ಕೆ ದವಡೆ ಕಚ್ಚಿ, ಮೈ ಸೆಟೆದು ತೀರಿಹೋಗುತ್ತಿದ್ದವು. ಐದನೇ ದಿನ ಹಣೆಬರಹ ಬರೆಯುವ ಶೆಟಿಗೆವ್ವ ಅವಕ್ಕೆ ಅಷ್ಟೇ ಬರೆದಿದ್ದಳು ಎನ್ನುತ್ತಿದ್ದಳು ಆಯಿ. ಹಣೆಬರಹಕ್ಕೆ ಹೊಣೆ ಯಾರು?

ಅರವತ್ತೆರಡನೇ ಇಸವಿಯಲ್ಲಿ ತಿಕೋಟಾದಲ್ಲಿ ಸೂಲಗಿತ್ತಿಯರಿಗೆ ತರಬೇತಿ ಇಟ್ಟರು. ಕಲಿಸುವವಳು ನರ್ಸ್ ಸಬೀರಾ, ಆಯಿಯ ಮಗಳ ವಯಸ್ಸಿನವಳು. "ಇನ್ನೂ ಒಂದೂ ಹಡೀದ ಹುಡುಗಿ ನನಗೇನ ಕಲಿಸ್ತಾಳ" ಎಂದು ಗೊಣಗುತ್ತಲೇ ಆಯಿ ಹೋದಳು. ಕೊನೆಯ ದಿನ ಎಲ್ಲರೂ ಮಾಡಿ ತೋರಿಸಬೇಕಿತ್ತು. ಆಯಿ ಕತ್ತರಿಯನ್ನು ಹೇಳಿದಷ್ಟು ಹೊತ್ತು ಕುದಿಸಿದಳು. ತೊಳೆದ ಕೈಯಿಂದ ಎತ್ತಿದಳು. ಆಮೇಲೆ ಸೊಂಟದ ಚೀಲ ಬಿಚ್ಚಿ ಆ ಕತ್ತರಿಯ ಮೇಲೆ ಧಾರಾಳವಾಗಿ ಭಂಡಾರ ಉದುರಿಸಿದಳು. ಸರಕಾರದ್ದೂ ಆಯಿತು, ದೇವರದ್ದೂ ಆಯಿತು.

ಸಬೀರಾ ನಗಲಿಲ್ಲ. "ಊರಾಗೂ ಹಿಂಗ ಮಾಡ್ತೀರೇನ್ರಿ?"

"ಮೊದಲ ಬೂದಿ, ಮ್ಯಾಲ ಭಂಡಾರ."

"ಎಂಟನೇ ದಿನಕ್ಕ ಎಷ್ಟ ಕೂಸು ಹೋಗ್ಯಾವ?"

ಆಯಿ ಬೆರಳು ಮಡಚತೊಡಗಿದಳು. ಎರಡು ಕೈ ಸಾಲಲಿಲ್ಲ.

"ಕುಡುಗೋಲಿಂದ, ಬೂದಿಯಿಂದ ಬರೂ ಬ್ಯಾನಿ ಅದು, ಅವ್ವಾರ," ಎಂದಳು ಸಬೀರಾ ಮೆಲ್ಲಗೆ. "ಭಂಡಾರ ದೇವರದ ಖರೆ, ಆದ್ರ ಹತ್ತು ಕೈ ಮುಟ್ಟಿರ್ತಾವ. ಹಸಿ ಹೊಕ್ಕಳಕ್ಕ ಏನೂ ಹಚ್ಚಬ್ಯಾಡ್ರಿ."

ಅಲ್ಲಿ ಕೊಟ್ಟ ಕತ್ತರಿ, ದಾರದ ತಗಡಿನ ಪೆಟ್ಟಿಗೆ ಹಿಡಿದು ಆಯಿ ನಡೆದೇ ಊರಿಗೆ ಹೊರಟಳು. ಎರಡೂ ಕಡೆ ಬಿಳಿಜೋಳ ಹೂವಾಡಿತ್ತು. ಬೇವಿನ ನೆರಳಲ್ಲಿ ಕೂತಾಗ ಕಣ್ಣು ಹತ್ತಿತೋ ಇಲ್ಲವೋ, ಆಕೆಗೇ ತಿಳಿಯದು. ಜೋಳದ ಸಾಲಿನಲ್ಲಿ ಕೂಸುಗಳು ಕುಳಿತಿದ್ದವು. ಹೊಕ್ಕಳ ಮೇಲೆ ಹಳದಿ. ಒಂದೂ ಅಳುತ್ತಿರಲಿಲ್ಲ; ಗಾಳಿ ಬಂದಾಗ ತೆನೆಗಳ ಜೊತೆ ತಲೆ ಆಡಿಸುತ್ತಿದ್ದವು, ಅಷ್ಟೇ. ಒಂದೊಂದರ ತಾಯಿಯ ಹೆಸರೂ ಆಯಿಗೆ ನೆನಪಾಯಿತು. ಕೊನೆಯ ಎರಡು ಗುರುಬಾಯಿಯವು. ಎದ್ದು ನಡೆದ ಮೇಲೂ ಅವು ಸಾಲಿನ ಗುಂಟ ಬಹಳ ದೂರ ಜೊತೆಗೇ ಬಂದವಂತೆ. ಊರು ಯಾವಾಗ ಬಂತೋ ತಿಳಿಯಲಿಲ್ಲ.

ಗುರುಬಾಯಿ ನಮ್ಮ ಓಣಿಯವಳು, ಆಗ ಮೂರನೆಯದಕ್ಕೆ ತುಂಬಿದ ಬಸುರಿ. ಮೊದಲೆರಡು ಹೇಗೆ ಹೋದವೆಂಬ ನಿಜ ಹೇಳಿದರೆ ಆಕೆ ಆಯಿಯನ್ನು ಹತ್ತಿರ ಬಿಟ್ಟುಕೊಳ್ಳಲಿಕ್ಕಿಲ್ಲ. ಆಗ ಆಕೆಯ ಅತ್ತೆ ಹನಮವ್ವ ತಾನೇ ಕುಡುಗೋಲು ತರುವುದು ಖಂಡಿತ. ಆಯಿ ಬಾಯಿ ಹೊಲಿದುಕೊಂಡಳು. ಹೆರಿಗೆಯ ದಿನ ಕುದಿಸಿದ ದಾರ ಕಟ್ಟಿ, ಕುದಿಸಿದ ಕತ್ತರಿಯಿಂದ ಕೊಯ್ದಳು. ಹನಮವ್ವ ಬೂದಿ ತಂದಾಗ ಬಾಗಿಲಿಗೆ ಅಡ್ಡ ಕೂತಳು.

"ಭಂಡಾರನರ ಹಚ್ಚ ಬೇ," ಎಂದಳು ಹನಮವ್ವ.

"ಹಚ್ಚತೀನಿ, ಬಾ," ಎಂದು ಆಯಿ ಅದನ್ನು ಹನಮವ್ವನ ಹಣೆಗೇ ಬಳಿದಳು. "ಆಯಿ ಆಗೀದಿ. ನಿನಗ ಮೊದಲ."

ಎಂಟು ದಿನ ಆಯಿ ಸರಿಯಾಗಿ ಉಣ್ಣಲಿಲ್ಲ. ಕೂತಲ್ಲೇ ಕಣ್ಣು ಮುಚ್ಚಿದರೆ ಜೋಳದ ಸಾಲು. ಎದ್ದು ಹೋಗಿ, ಕೂಸು ಮೊಲೆಗೆ ಬಾಯಿ ಹಾಕುವುದನ್ನು ನೋಡಿ ಬರುವಳು. ಒಂಬತ್ತನೇ ದಿನ, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಎರೆಯುತ್ತಿದ್ದಾಗ ಹೇಳಿಯೇ ಬಿಟ್ಟಳು.

"ಗುರುಬಾಯಿ, ಮೊದಲಿನ ಎರಡನ್ನ ಶೆಟಿಗೆವ್ವ ಒಯ್ಯಲಿಲ್ಲ, ಯವ್ವಾ. ನನ್ನ ಕುಡುಗೋಲು, ನನ್ನ ಬೂದಿ ಒಯ್ದಾವ."

ಗುರುಬಾಯಿ ಒದ್ದೆ ಕೂಸನ್ನು ಕಸಿದುಕೊಂಡು ಒಳಗೆ ಹೋದಳು. ಮುಂದೆ ಮೂರು ಸಲ ಹೆತ್ತಳು. ಮೂರೂ ಸಲ ಆಯಿಗೇ ಹೇಳಿಕಳಿಸಿದಳು, ಮೂರೂ ಉಳಿದವು. ಆದರೆ ಆಯಿಯ ಜೊತೆ ಮತ್ತೆ ಮಾತಾಡಲಿಲ್ಲ, ಹೆರಿಗೆ ಬೇನೆ ತಿನ್ನುವಾಗಲೂ.

ಗುರುಬಾಯಿ ಹೀಗೆ ಮಾತು ಬಿಟ್ಟದ್ದಕ್ಕೆ ನನಗೆ ಬಹಳ ಸಿಟ್ಟಿತ್ತು. ದೊಡ್ಡವಳಾದ ಮೇಲೆ ಕೇಳಿಯೇ ಬಿಟ್ಟೆ. "ಸುಮ್ಮನಿದ್ರ ನಿನ್ನ ಗಂಟೇನ ಹೋಗ್ತಿತ್ತ ಆಯಿ?"

"ತನ್ನ ಹಾಲಾಗ ವಿಷಾ ಐತಿ, ಅದಕ್ಕ ಎರಡೂ ಹೋದು ಅಂತ ತಿಳದಿದ್ಲು ಆಕಿ," ಎಂದಳು ಆಯಿ. "ಮೂರನೇದಕ್ಕ ಮೊಲಿ ಕೊಡೂ ಮುಂದ ಮೊದಲ ಒಂದೀಟು ಹಾಲು ಹಿಂಡಿ ಚೆಲ್ಲತಿದ್ಲು. ನಾ ದಿನಾ ನೋಡತಿದ್ನಿ. ಆಕಿ ತಪ್ಪಲ್ಲಂತ ಆಕಿಗೆ ಮತ್ಯಾರ ಹೇಳಬೇಕಿತ್ತವಾ?"