ಶೈಂಡ್ಲ್ ಅಜ್ಜಿಯ ಪೆಸ್ಯ

ಚೆರ್ನೋವ್ಸಿ ಪಟ್ಟಣದ ಹೊಲಿಗೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೋಟುಗಳಿಗೆ ಒಳ ಅಸ್ತರು ಹೊಲಿದ ಶೈಂಡ್ಲ್ ಹೊರಗೆಲ್ಲ ರಷ್ಯನ್ ಮಾತಾಡುತ್ತಿದ್ದಳು. ಯೆಹೂದಿಗಳ ಮನೆಮಾತಾದ ಯಿಡ್ಡಿಷ್ ಏನಿದ್ದರೂ ಅಡುಗೆಮನೆಯಲ್ಲಿ, ಮೊಮ್ಮಗಳು ಇನ್ನಾಳ ಜೊತೆ ಮಾತ್ರ. ಮಗ ಮಾರ್ಕ್‌ಗೆ ಅದು ಹಿಡಿಸುತ್ತಿರಲಿಲ್ಲ.

"ಅಮ್ಮಾ, ಆ ಭಾಷೆ ಯಾಕೆ ತಲೆಗೆ ತುಂಬ್ತೀಯ? ಶಾಲೇಲಿ ಆಡ್ಕೊಂಡು ನಗ್ತಾರೆ."

"ನಗಲಿ ಬಿಡೋ. ನಿನಗಂತೂ ಹತ್ತಲಿಲ್ಲ. ನಾನು ಬೈದ್ರೆ ಅರ್ಥ ಆಗೋಕೆ ಮನೇಲಿ ಒಬ್ರಾದ್ರೂ ಬೇಡ್ವಾ?"

ಅರವತ್ತೊಂಬತ್ತನೇ ವಯಸ್ಸಿನಲ್ಲಿ ಶೈಂಡ್ಲ್‌ಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಆದರೆ ರಷ್ಯನ್ ಪೂರ್ತಿ ಅಳಿಸಿಹೋಯಿತು. ಡಾಕ್ಟರು ಕೇಳಿದ್ದು ಅವಳಿಗೆ ತಿಳಿಯದು, ಅವಳು ಹೇಳಿದ್ದು ಮಗನಿಗೆ ತಿಳಿಯದು. ಹದಿನಾರರ ಇನ್ನಾ ಹಾಸಿಗೆ ಪಕ್ಕ ಕೂತು ಎರಡೂ ಕಡೆಗೆ ಬಾಯಾದಳು.

ಒಂದು ಬೆಳಿಗ್ಗೆ ಗಂಜಿ ಕುಡಿಸುವಾಗ ಅಜ್ಜಿ ಚಮಚ ತಳ್ಳಿ, "ಪೆಸ್ಯಗೆ ಮೊದಲು ಕೊಡೇ, ಅವಳಿಗೆ ಜ್ವರ" ಅಂದಳು.

"ಪೆಸ್ಯ ಯಾರಜ್ಜಿ?"

"ನನ್ನ ಮಗಳು ಕಣೇ. ಐದು ತುಂಬಿತ್ತು."

ಮಾತು ತಡವರಿಸುತ್ತಾ ಬಂತು. ಎರಡನೇ ಮಹಾಯುದ್ಧ ಊರಿಗೆ ಬಂದ ಮೊದಲ ವರ್ಷದ ಶರತ್ಕಾಲ. ಊರು ಹಿಡಿದ ಶತ್ರು ಸಿಪಾಯಿಗಳು ಯೆಹೂದಿಗಳನ್ನೆಲ್ಲ ನೀಸ್ಟರ್ ನದಿಯಾಚೆಗೆ ಕೆಸರಿನಲ್ಲಿ ನಡೆಸಿದ್ದು. ಗಂಡ ಲೈಬ್ ಹೆಗಲ ಮೇಲೆ ಪೆಸ್ಯ, ಶೈಂಡ್ಲ್ ತೋಳಲ್ಲಿ ಎಂಟು ತಿಂಗಳ ಮಾರ್ಕ್. ಯಾವುದೋ ಹಳ್ಳಿಯ ದನದ ಕೊಟ್ಟಿಗೆಯಲ್ಲಿ ಬೆಳಗಾಗುವಾಗ ಪೆಸ್ಯ ತಣ್ಣಗಾಗಿದ್ದಳು. ಹೂಳಲು ಸಿಪಾಯಿಗಳು ಬಿಡಲಿಲ್ಲ.

"ಅವಳ ಉಣ್ಣೆ ಅಂಗಿ ಬಿಚ್ಚಿ ಮಾರ್ಕ್‌ಗೆ ಸುತ್ತಿದೆ," ಅಂದಳು ಅಜ್ಜಿ. "ಹುಲ್ಲು ಮುಚ್ಚಿ ಬಂದೆ. ಬರೀ ಮೈಯಲ್ಲಿ ಬಿಟ್ಟು ಬಂದೆ ಕಣೇ."

ಲೈಬ್ ಆ ಚಳಿಗಾಲ ದಾಟಲಿಲ್ಲ. ಗಂಡ ಸತ್ತದ್ದನ್ನು ಅವಳು ಎಲ್ಲರಿಗೂ ಹೇಳಿದ್ದಳು. ಮಗಳ ವಿಷಯ ಮೂವತ್ತೆಂಟು ವರ್ಷ ಬಾಯಿಗೆ ಬಂದಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಮಾರ್ಕ್ ಕೇಳಿದ: "ಏನಂತೆ? ಯಾಕೆ ಅಳ್ತಿದ್ದಾಳೆ?"

ಇನ್ನಾ ಅಂಗಿಯ ವಿಷಯ ನುಂಗಿಬಿಡಬೇಕೆಂದುಕೊಂಡಳು. ಆಗಲಿಲ್ಲ. ಎಲ್ಲವನ್ನೂ ಹೇಳಿದಳು. ಮಾರ್ಕ್ ಒಳಗೆ ಬಂದು ಹಾಸಿಗೆ ತುದಿಯಲ್ಲಿ ಕೂತ.

"ಆ ಹಳ್ಳಿ ಹೆಸರು ಕೇಳು," ಅಂದ.

"ಕೇಳ್ದೆ ಅಪ್ಪ. ನೆನಪಿಲ್ವಂತೆ."

"ಅಕ್ಕನಿಗೆ ನಿಮ್ಮ ಭಾಷೇಲಿ ಏನಂತಾರೆ?"

ಇನ್ನಾ ಹೇಳಿಕೊಟ್ಟಳು. ಅವನು ತಾಯಿಯ ಕೈ ಹಿಡಿದು ಆ ಒಂದು ಪದವನ್ನು ಒರಟಾಗಿ, ತಪ್ಪುತಪ್ಪಾಗಿ ಹೇಳಿದ. ಅಜ್ಜಿ ಅವನ ಮುಖವನ್ನೇ ನೋಡಿದಳು, ಆಮೇಲೆ ಗೋಡೆ ಕಡೆ ತಿರುಗಿಕೊಂಡಳು. ಅರ್ಥವಾಯಿತೋ ಇಲ್ಲವೋ, ಯಾರಿಗೂ ತಿಳಿಯಲಿಲ್ಲ.

ಹನ್ನೊಂದು ದಿನಕ್ಕೆ ಅವಳು ತೀರಿಕೊಂಡಳು. ಮಾರ್ಕ್ ಸಮಾಧಿ ಕಲ್ಲಿನ ಮೇಲೆ ಎರಡು ಹೆಸರು ಕೆತ್ತಿಸಿದ. ಪೆಸ್ಯಳ ಹೆಸರಿನ ಕೆಳಗೆ ತಾರೀಖಿಲ್ಲ. ಇನ್ನಾಳಿಗೆ ಮನೆಯಲ್ಲಿ ಆ ಭಾಷೆಯಾಡಲು ಯಾರೂ ಉಳಿಯಲಿಲ್ಲ.