ಅತ್ತೆ ಚಾಚಿದ ಕೈ

ಹೋದ ವಾರ ಬಸ್ಸು ರಾವಂದೂರು ದಾಟುವಾಗ ಕಿಟಕಿಯಿಂದ ಆ ವಾಸನೆ ಬಂತು. ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಒಣಗಿಸುವ ಬೆಂಕಿಗೂಡಿನಲ್ಲಿ, ಹೊಗೆಸೊಪ್ಪು ಬೇಯುವ ವಾಸನೆ. ಸ್ವಲ್ಪ ಬೆಲ್ಲದಂತೆ, ಸ್ವಲ್ಪ ಸುಟ್ಟ ಹುಲ್ಲಿನಂತೆ. ಪಕ್ಕದಲ್ಲಿದ್ದವರು ಮೂಗಿಗೆ ಸೆರಗು ಹಿಡಿದರು. ನನಗೆ ಅತ್ತೆ ನೆನಪಾದಳು. ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಆಗ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ, ರಜೆಗೆ ಮಾತ್ರ ಊರಿಗೆ ಬರುತ್ತಿದ್ದೆ. ನಾನೇ ಕಂಡದ್ದು ಯಾವುದು, ಆಮೇಲೆ ಅಮ್ಮ ಹೇಳಿದ್ದು ಯಾವುದು ಎಂದು ಬೇರ್ಪಡಿಸುವುದು ಈಗ ಕಷ್ಟ…

ಅತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ಹೊಲದಲ್ಲಿ ಸೊಪ್ಪು ಮುರಿಯುವುದರಿಂದ ಹಿಡಿದು, ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿ ಬೆಂಕಿ ಹಾಕುವವರೆಗೆ ಅವಳು ಮುಟ್ಟದ ಕೆಲಸವಿರಲಿಲ್ಲ. ಭಾನುವಾರವೂ ಚರ್ಚಿನಿಂದ ನೇರ ಬ್ಯಾರನ್ನಿಗೆ. "ಬೆಂಕಿಗೇನ್ ಭಾನ್ವಾರ ಗೊತ್ತಾ?" ಎನ್ನುತ್ತಿದ್ದಳು.

ಆ ವರ್ಷ ಬ್ಯಾರನ್ನಿನೊಳಗೆ ಆಳು ಕಡ್ಡಿ ಜೋಡಿಸಿದ ರೀತಿ ಸರಿಬರದೆ ತಾನೇ ಮೇಲೆ ಹತ್ತಿ, ಕಾಲು ಜಾರಿ ಬಿದ್ದಳು. ಬಲಗೈ ಮುರಿಯಿತು. ಕಟ್ಟು ಬಿಚ್ಚಿದಾಗ ಮೂಳೆಯೇನೋ ಕೂಡಿತ್ತು, ಬೆರಳುಗಳು ಮಾತ್ರ ಮಡಚಿಕೊಂಡೇ ಉಳಿದವು. ಇನ್ನು ಅವು ಬಿಡಿಸಿಕೊಳ್ಳುವುದಿಲ್ಲ ಎಂದು ಹುಣಸೂರಿನ ಡಾಕ್ಟರು ಹೇಳಿದರು.

ಎಡಗೈಯಲ್ಲಿ ಉಣ್ಣಲು ಅವಳು ಸುತರಾಂ ಒಪ್ಪಲಿಲ್ಲ. ಅಮ್ಮನೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಡಬೇಕಾಯಿತು. ಅಡುಗೆಮನೆಯ ಯಜಮಾನಿಕೆಗಾಗಿ ವರ್ಷಗಟ್ಟಲೆ ಮುಖ ತಿರುಗಿಸಿಕೊಂಡಿದ್ದವರು ಅವರಿಬ್ಬರು. ಮೊದಲ ತುತ್ತಿಗೆ ಅತ್ತೆ ಗೋಡೆ ಕಡೆ ತಿರುಗಿ ಅತ್ತಳಂತೆ. ನಾನು ಬರುವ ಹೊತ್ತಿಗೆ ಅಳು ಮುಗಿದು ಜಗಳ ಶುರುವಾಗಿತ್ತು.

"ಬಾಯ್ ತೆಗೀರಿ ಮಾರಾಣಿ," ಅಮ್ಮ ಹೇಳುವಳು.

"ಎಮ್ಮೆಗ್ ಇಕ್ಕೋ ಅಂಗ್ ಇಕ್ತೀಯಲ್ಲೇ! ಸಣ್ಣುಕ್ ಮುರಿ."

ಊಟವಾದ ಮೇಲೆ ಅತ್ತೆ ಜಗಲಿಯಲ್ಲಿ ಮಲಗುತ್ತಿದ್ದಳು. ಅವಳು ಹಗಲಲ್ಲಿ ನಿದ್ದೆ ಮಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಒಂದು ಮಧ್ಯಾಹ್ನ ಎದ್ದು ಕೂತು, ಸೊಂಟ ಹಿಂದಕ್ಕೆ ಬಾಗಿಸಿ, ಆಕಳಿಸಿ, "ಕೈ ಮುರ್ದ್ ಮ್ಯಾಲೆ ಮೈ ಮುರಿಯೋದ್ ಕಲ್ತೆ ಕಣೆ," ಎಂದು ನಕ್ಕಳು. ಹೊತ್ತ ಹೊರೆಯನ್ನು ಯಾರೋ ಇಳಿಸಿಕೊಟ್ಟಾಗ ಮುಖ ಹಾಗಿರುತ್ತದೆ.

ಇನ್ನೊಂದು ದಿನ ಸೊಪ್ಪಿನ ಟ್ರ್ಯಾಕ್ಟರು ಬಂತೆಂದು ಅಮ್ಮ ತುತ್ತು ಅರ್ಧಕ್ಕೇ ಬಿಟ್ಟು ಓಡಿದಳು. ವಾಪಸು ಬಂದಾಗ ಅತ್ತೆ ಎಡಗೈಯಲ್ಲೇ ಮುದ್ದೆ ಮುರಿದು ನುಂಗುತ್ತಿದ್ದಳು. "ಏನ್ ನೋಡೀರಿ? ಒಟ್ಟೆ ಕೇಳ್ತದಾ, ಯಾವ್ ಕೈ ಅಂತ?"

ಆದರೆ ಚರ್ಚಿನ ಮಾತು ಬೇರೆ. ಹುಣಸೂರಿನಿಂದ ಪಾದ್ರಿ ಅಯ್ಯನವರು ಬಂದು ಪ್ರಭು ಭೋಜನ ಕೊಡುವ ಭಾನುವಾರಗಳಲ್ಲಿ ಅವಳು ಹಿಂದಿನ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಕ್ರಿಸ್ತನ ಶರೀರವಾದ ಆ ರೊಟ್ಟಿಯನ್ನು ಎಡಗೈಯಲ್ಲಿ ಈಸಿಕೊಳ್ಳುವುದು ಹೇಗೆ? ಅಪ್ಪ ಆಗ ಸಭೆಯ ಹಿರಿಯರು. "ಮನೇಲಿ ಎಂಗಾದ್ರೂ ಉಣ್ಣಕ್ಕ. ಅಲ್ಲಿ ಬ್ಯಾಡ, ಕೈ ಸರಿಹೋಗ್ಲಿ ಬುಡು," ಎಂದಿದ್ದರು. ಸರಿಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಎಲ್ಲರೂ ಮುಂದೆ ಹೋದಾಗ ಖಾಲಿ ಬೆಂಚುಗಳ ಹಿಂದೆ ಅವಳೊಬ್ಬಳೇ ಕೂತಿರುವುದನ್ನು ನೋಡಲು ನನಗಾಗುತ್ತಿರಲಿಲ್ಲ.

ದಸರಾ ರಜೆಯಿರಬೇಕು… ಆ ಭಾನುವಾರ ಅಪ್ಪ ಮೊದಲ ಸಾಲಿನಲ್ಲಿ ಮೊಣಕಾಲೂರಿದ್ದರು. ಅತ್ತೆ ಎದ್ದಳು. ನಡುವಿನ ದಾರಿಯಲ್ಲಿ ನಡೆದುಹೋಗಿ ತಮ್ಮನ ಪಕ್ಕದಲ್ಲೇ ಕೂತಳು. ಅಪ್ಪ ತಗ್ಗಿದ ದನಿಯಲ್ಲಿ "ಅಕ್ಕಾ" ಎಂದರು. ಅವಳು ತಿರುಗಲಿಲ್ಲ. ಅಯ್ಯನವರು ರೊಟ್ಟಿ ಮುರಿದು ಅವಳ ಮುಂದೆ ಬಂದಾಗ ಎಡಗೈ ಚಾಚಿದಳು. ಸೊಪ್ಪಿನ ಅಂಟು ಹಿಡಿದು ಕಪ್ಪಾದ ಅಂಗೈ. ಆ ಕೈಯಲ್ಲೇ ಮತ್ತೆ ಕೆಲಸ ಶುರುಮಾಡಿದ್ದಳು.

"ಇದೇ ಇರೋದು ಅಯ್ನೋರೆ. ಕೊಡಿ."

ಅವಳ ದನಿ ಹೊಲದಿಂದ ಹೊಲಕ್ಕೆ ಕೇಳುವಂಥದ್ದು. ಇಡೀ ಸಭೆಗೆ ಕೇಳಿಸಿತು. ಅಯ್ಯನವರು ಒಂದು ಗಳಿಗೆ ನಿಂತು, ಆ ಅಂಗೈಯಲ್ಲಿ ತುಣುಕನ್ನಿಟ್ಟು, ತಮ್ಮ ಕೈಯಿಂದ ಅದನ್ನು ಮುಚ್ಚಿದರು. ಅತ್ತೆಯ "ಆಮೆನ್" ಕೇಳಿ ಕಿಟಕಿಯಲ್ಲಿದ್ದ ಪಾರಿವಾಳ ಹಾರಿತು. ಬೆಂಚುಗಳಲ್ಲಿ ಯಾರೋ ನಕ್ಕರು, ಆಮೇಲೆ ಹೆಂಗಸರೆಲ್ಲ ಹಾಡು ಎತ್ತಿದರು. ಸೊಪ್ಪಿಗೆ ಒಳ್ಳೇ ರೇಟು ಸಿಕ್ಕ ರೈತನ ಹಾಗೆ ಅತ್ತೆ ತಲೆಯೆತ್ತಿ ವಾಪಸು ಬಂದಳು.

ರೊಟ್ಟಿಯನ್ನು ಮುರಿಯದೆ ಹಂಚಲಾಗುವುದಿಲ್ಲ ಎಂಬ ಅಯ್ಯನವರ ಪ್ರಸಂಗವನ್ನು ಎಷ್ಟೋ ಸಲ ಕೇಳಿದ್ದೆ. ಅದು ಅರ್ಥವಾದದ್ದು ಅಮ್ಮ ಮುರಿದ ಮುದ್ದೆಯಲ್ಲಿ, ಅತ್ತೆಯ ಮುರಿದ ಕೈಯಲ್ಲಿ. ಅವತ್ತೇ ಅರ್ಥವಾಯಿತೋ, ಬರೆಯುತ್ತಾ ಈಗ ಸೇರಿಸಿಕೊಂಡೆನೋ, ಆಣೆ ಮಾಡಲಾರೆ. ಆದರೆ ಅವಳು ಗೆದ್ದದ್ದು ಸುಳ್ಳಲ್ಲ. ಆಮೇಲೆ ಯಾವ ಭಾನುವಾರವೂ ಅವಳು ಬ್ಯಾರನ್ನಿನ ಕಡೆ ತಲೆ ಹಾಕಲಿಲ್ಲ. ಬೆಂಕಿಗೆ ಬೇರೆಯವರ ಸರದಿ ಹಾಕಿ, ಜಗಲಿಯಲ್ಲಿ ರಾಜಾರೋಷವಾಗಿ ಗೊರಕೆ ಹೊಡೆದಳು.

ಅವಳು ಹೋಗಿ ಎರಡು ಮಳೆಗಾಲ ಕಳೆದವು. ಈಗ ಚರ್ಚಿನಲ್ಲಿ ಯಾರೂ ಅಷ್ಟು ಗಟ್ಟಿಯಾಗಿ ಆಮೆನ್ ಅನ್ನುವುದಿಲ್ಲ. ನಮ್ಮ ಮನೆಯಲ್ಲಂತೂ ಆ ದನಿಯ ಜಾಗ ಹಾಗೇ ಖಾಲಿ ಇದೆ.

ಒಂದು ಮಾತ್ರ ನನ್ನನ್ನು ಬಿಡುವುದಿಲ್ಲ. ಅತ್ತೆಯ ನಂತರ ಅಯ್ಯನವರು ಅಪ್ಪನ ಮುಂದೆ ಬಂದರು. ನನ್ನ ನೆನಪಿನಲ್ಲಿ ಅಪ್ಪ ಚಾಚಿದ್ದ ಬಲಗೈ ಹಿಂದಕ್ಕೆ ತೆಗೆದು ಎಡಗೈ ಮುಂದೆ ಮಾಡುತ್ತಾರೆ. ಆದರೆ ನಾನು ಹಿಂದೆ ಕೂತಿದ್ದೆ, ಅತ್ತೆ ಅಡ್ಡವಾಗಿ ಅವರ ಬೆನ್ನಷ್ಟೇ ಕಾಣುತ್ತಿತ್ತು. ಹಾಗೆ ಆಗಿರಲಿ ಎಂದು ನನಗೆ ಬಹಳ ಆಸೆ, ಅದಕ್ಕೇ ಅದನ್ನು ನಂಬಲು ಹೆದರಿಕೆ. ಅಮ್ಮ ಕಣ್ಣು ಮುಚ್ಚಿದ್ದಳಂತೆ.

ಮೊನ್ನೆ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಕೇಳಿಯೇಬಿಟ್ಟೆ. "ಅಪ್ಪ, ಅವತ್ತು ನೀವೂ ಎಡಗೈನೇ ಚಾಚಿದ್ರಾ?"

ಅಪ್ಪ ಚಪ್ಪಲಿ ಮೆಟ್ಟಿಕೊಂಡು ನನಗಿಂತ ಮುಂದೆ ನಡೆದರು.