ಪರದೆಯಲ್ಲಿ ಕೋರ್ಟು, ಪಕ್ಕದಲ್ಲಿ ಹೆಂಡತಿ

ಕೊರೊನಾದ ಎರಡನೆಯ ಚಳಿಗಾಲದಲ್ಲಿ ಜರ್ಮನಿಯ ಬಾನ್‌ನ ನಮ್ಮ ಅಡುಗೆಮನೆಗೆ ಕೌಟುಂಬಿಕ ನ್ಯಾಯಾಲಯದ ಪದವಿ ಪ್ರಾಪ್ತವಾಯಿತು. ಮಗ ಸೊಸೆ ಬೇರೆಯಾಗಿದ್ದರು; ಮೊಮ್ಮಗಳು ತಾಯಿಯ ಬಳಿ ಇದ್ದಳು. ವಯಸ್ಸಾದವರಿಗೆ ಸೋಂಕು ತಗುಲೀತು, ಮಗುವನ್ನು ವೀಡಿಯೊದಲ್ಲಿ ನೋಡಲಿ ಎಂಬುದು ಸೊಸೆಯ ವಾದ. ಕಾಳಜಿಯೇ, ಇಲ್ಲವೆನ್ನಲಾರೆ. ಆದರೆ ಪರದೆಯ ಮೂಲಕ ಮಗುವಿನ ತಲೆ ಬಾಚುವ ವಿದ್ಯೆ ನನ್ನ ಹೆಂಡತಿಗೆ ತಿಳಿದಿರಲಿಲ್ಲ. ಭೇಟಿಯ ಹಕ್ಕು ಕೇಳಲು ಇಲ್ಲಿನ ಕಾನೂನು ಅಜ್ಜ ಅಜ್ಜಿಯರಿಗೂ ಅವಕಾಶ ಕೊಡುತ್ತದೆ. ಕೇಳಿಯೇಬಿಟ್ಟೆ.

ವಿಚಾರಣೆಯೂ ವೀಡಿಯೊದಲ್ಲೇ. ಕೋಟು ಟೈ ತೊಟ್ಟು, ಸಕ್ಕರೆ ಡಬ್ಬಿಗೆ ಲ್ಯಾಪ್‌ಟಾಪ್ ಆನಿಸಿ ಕುಳಿತೆ.

“ಇದು ಗೋಪ್ಯ ವಿಚಾರಣೆ. ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ?” ನ್ಯಾಯಾಧೀಶೆ ಜರ್ಮನ್‌ನಲ್ಲಿ ಕೇಳಿದರು.

“ಯಾರೂ ಇಲ್ಲ,” ಎಂದೆ, ಶುದ್ಧ ಮನಸ್ಸಿನಿಂದ. ಪಕ್ಕದಲ್ಲೇ ಹೆಂಡತಿ ಇದ್ದಳು ನಿಜ. ಹೆಂಡತಿಯನ್ನು ಬೇರೆಯವರ ಲೆಕ್ಕಕ್ಕೆ ಹಿಡಿಯುವ ರೂಢಿ ನಮ್ಮ ಧಾರವಾಡದ ಕಡೆ ಇಲ್ಲ.

“ಯಾರೂ ಇಲ್ಲಂದ್ರ? ನಾ ಏನ್ ಗ್ವಾಡಿ ಏನ್ರಿ?”

ಗೋಡೆಯಲ್ಲದ ಹೆಂಡತಿಯ ದನಿ ಕೋರ್ಟಿಗೂ ಕೇಳಿಸಿತು. ಅರ್ಜಿದಾರರಲ್ಲದವರು ಹೊರಗೆ ಹೋಗಬೇಕು ಎಂದು ಅಪ್ಪಣೆಯಾಯಿತು. ಅರ್ಜಿಯಲ್ಲಿ ನನ್ನ ಹೆಸರೊಂದೇ ಇತ್ತು. ಮನೆಯ ಅರ್ಜಿಗಳೆಲ್ಲ ಯಜಮಾನರ ಹೆಸರಲ್ಲೇ ಹೋಗುವುದು ನಮ್ಮಲ್ಲಿ ಸನಾತನ ಪದ್ಧತಿ.

“ಹೋಗಂಗಿಲ್ಲ. ಕೂಸು ಇವರೊಬ್ಬರದ ಏನು?” ಎಂದವಳೇ ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡು, ಬೇಕರಿಯ ಸಾಲಿನಲ್ಲಿ ನಿಂತು ಕಲಿತ ಜರ್ಮನ್‌ನಲ್ಲಿ, “ನಾನು ಅಜ್ಜಿ. ನನ್ನನ್ನೂ ಬರೆದುಕೊಳ್ಳಿ,” ಎಂದಳು. ಘನ ನ್ಯಾಯಾಲಯ ಬರೆದುಕೊಂಡಿತು.

ಆಮೇಲೆ ಕಾನೂನು ಬದಲಾಯಿತು: ಮಗು ಎಷ್ಟೇ ಚಿಕ್ಕದಿರಲಿ, ನ್ಯಾಯಾಧೀಶರು ಅದರ ಮಾತನ್ನು ಖುದ್ದಾಗಿ ಕೇಳಲೇಬೇಕು. ಕೋಣೆಯೊಳಗೆ ಸೋಂಕಿನ ಭಯ. ಹಾಗಾಗಿ ನ್ಯಾಯಾಧೀಶೆ ನಮ್ಮ ಮೊಮ್ಮಗಳನ್ನು ಉದ್ಯಾನದಲ್ಲಿ ಅಡ್ಡಾಡಿಸುತ್ತಲೇ ವಿಚಾರಿಸಿದರಂತೆ. ಮುಂದಿನ ವಿಚಾರಣೆಯಲ್ಲಿ ಮಗುವಿನ ಹೇಳಿಕೆಯನ್ನು ಗಂಭೀರವಾಗಿ ಓದಿದರು: “ಫೋನಿನಲ್ಲಿ ಅಜ್ಜಿ ಚಪ್ಪಟೆ. ನನಗೆ ದಪ್ಪ ಅಜ್ಜಿ ಬೇಕು.”

ಮೊದಲು ನಕ್ಕವಳು ಸೊಸೆಯೇ. ಶನಿವಾರ ಬಿಟ್ಟು ಶನಿವಾರ ಹೊರಗೆ ಭೇಟಿ ಎಂದು ಒಪ್ಪಂದವಾಯಿತು. ಆದರೆ ಮಾಸ್ಕು ಕಡ್ಡಾಯ, ಅಂತರವೂ ಕಡ್ಡಾಯ.

ಮೊದಲ ಶನಿವಾರ ರೈನ್ ನದಿಯ ದಂಡೆಯಲ್ಲಿ ಮಗು ಓಡಿ ಬಂದದ್ದೇ ಅಜ್ಜಿಯ ಸೊಂಟವನ್ನು ಅಪ್ಪಿಕೊಂಡಿತು.

“ಅತ್ತೀ, ಅಂತರ...” ಎಂದಳು ಸೊಸೆ.

“ನೀ ಸ್ವಲ್ಪ ಆ ಕಡೆ ನೋಡವಾ.”

ಸೊಸೆ ಒಂದು ಗಳಿಗೆ ಅತ್ತೆಯನ್ನು ದಿಟ್ಟಿಸಿದಳು. ಆಮೇಲೆ ನದಿಯತ್ತ ತಿರುಗಿದಳು. ಕಾನೂನಿಗೆ ಸದಾ ತಲೆಬಾಗುವ ಪ್ರಜೆಯಾದ ನಾನೂ ತಿರುಗಿ, ಹೋಗುತ್ತಿದ್ದ ಹಡಗೊಂದನ್ನು ಬಹಳ ಹೊತ್ತು ಪರಿಶೀಲಿಸಿದೆ.